ತಿರುಗದ ಡಿಸ್ಕು, ತಿರುಗುವ ಫ್ರಿಜ್ಜು

ಮುನವಳ್ಳಿ ಪೇಟೆಯಲ್ಲಿ ಔಷಧದ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಸ್ಟುಡಿಯೋ ಇದೆ. ಅದರ ಹಿಂದಿನ ಎರಡು ಕೋಣೆಗಳಲ್ಲೇ ನಮ್ಮ ಸಂಸಾರ. ಬೋರ್ಡಿನ ಮೇಲೆ ‘ಮುತ್ತಪ್ಪ ಡಿಜಿಟಲ್ ವಿಡಿಯೋ’ ಎಂದಿದೆ. ‘ಡಿಜಿಟಲ್’ ಎಂಬುದು ನಾನು ಹೇಳಿ ಬರೆಸಿದ್ದಲ್ಲ. ನಡುವೆ ಜಾಗ ಉಳಿಯಿತೆಂದು ಪೇಂಟರು ತಾನೇ ತುಂಬಿದ. ನೋಡಲು ಚೆನ್ನಾಗಿದೆಯೆಂದು ನಾನೂ ಸುಮ್ಮನಾದೆ.

ಸವದತ್ತಿಯಿಂದ ಬೈಲಹೊಂಗಲದವರೆಗೆ ಯಾರ ಲಗ್ನವಾದರೂ ನನ್ನನ್ನೇ ಕರೆಯುತ್ತಾರೆ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಅವರು ಕರೆಯುವುದು ನನ್ನ ಹೆಂಡತಿ ರೇಣುವನ್ನು. ನಾನು ಅವಳ ಜೊತೆ ಬರುತ್ತೇನೆ. ಮಾಲೀಕನಾದ್ದರಿಂದ ಕ್ಯಾಮೆರಾ ನನ್ನ ಹೆಗಲ ಮೇಲಿರುತ್ತದೆ. ಆದರೆ ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ರೇಣು ಬಂದು, “ಇಲ್ಲಿ ಕೊಡ್ರಿ, ನೀವು ಹೋಗಿ ಲೈಟ್ ಹಿಡೀರಿ” ಎಂದು ಅದನ್ನು ಕಸಿದುಕೊಳ್ಳುತ್ತಾಳೆ. ಮದುವೆಯಾದ ಹೊಸದರಿಂದಲೂ ಇದೇ ನಡೆದು ಬಂದಿದೆ. ಹೆಣ್ಣುಮಕ್ಕಳಿಗೆ ಆ ಗಳಿಗೆಯ ಮೇಲೆ ಪ್ರೀತಿ ಹೆಚ್ಚು ಎಂದುಕೊಂಡು ನಾನು ಲೈಟು ಹಿಡಿಯುತ್ತಿದ್ದೆ.

ಲಗ್ನ ಹೊಟ್ಟೆಪಾಡು. ನನ್ನ ಹುಚ್ಚೆಂದರೆ ಎತ್ತಿನ ಗಾಡಿಯ ಶರ್ಯತ್ತು. ಗಾಡಿಯಲ್ಲಿ ಹೊರೆ ಇರುವುದಿಲ್ಲ. ಎರಡು ಎತ್ತು, ಹೊಡೆಯುವವನೊಬ್ಬ, ಅಷ್ಟೇ. ಎರಡು ಗಾಡಿಗಳನ್ನು ಜೋಡಿಯಾಗಿ ನಿಲ್ಲಿಸಿ ಬಿಟ್ಟರೆಂದರೆ ಎದುರಿಗೆ ಧೂಳು, ಎದೆಯೊಳಗೆ ಡೊಳ್ಳು. ಯಾವ ಊರಲ್ಲಿ ಶರ್ಯತ್ತಿದ್ದರೂ ಕ್ಯಾಮೆರಾ ಹೊತ್ತು ಹೋಗುತ್ತೇನೆ. ಯಾರೂ ಕರೆದಿರುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ.

ಮೂರು ವರ್ಷದ ಹಿಂದೆ, ಸುಗ್ಗಿ ಮುಗಿದ ಮೇಲೆ, ನಮ್ಮೂರ ಹೊರಗೇ ದೊಡ್ಡ ಶರ್ಯತ್ತು ನಡೆಯಿತು. ಕೊನೆಯ ಓಟಕ್ಕೆ ಉಳಿದವು ಎರಡು ಗಾಡಿ. ಒಂದು ಸುರೇಬಾನದ ಗಂಗಪ್ಪ ಕಾಕಾನದು. ಅವರು ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿಯ ಹಿರಿಯರು. ಇನ್ನೊಂದು ಸಂಪಗಾಂವದ ಲಕ್ಕಪ್ಪಣ್ಣನದು. ಆತ ಮಾತು ಕಡಿಮೆಯ ಮನುಷ್ಯ. ಆಡುವುದೇನಿದ್ದರೂ ತನ್ನ ಎತ್ತು ಹರಣ್ಯಾನ ಕಿವಿಯಲ್ಲಿ ಆಡುತ್ತಾನೆ. ನಾನು ಓಟ ಮುಗಿಯುವ ಗೆರೆಯ ಪಕ್ಕದಲ್ಲೇ ನೀರಿನ ಟ್ಯಾಂಕರಿನ ಮೇಲೆ ಹತ್ತಿ ನಿಂತಿದ್ದೆ.

ಎರಡೂ ಗಾಡಿ ಒಂದೇ ಉಸಿರಿಗೆ ಗೆರೆ ದಾಟಿದವು. ಗೆರೆಯ ಆ ಕಡೆ ನಿಂತಿದ್ದ ಪಂಚರು ಗಂಗಪ್ಪ ಎಂದರು, ಈ ಕಡೆಯವರು ಲಕ್ಕಪ್ಪ ಎಂದರು. ಎರಡೂರಿನ ಹುಡುಗರು ಅಂಗಿಯ ತೋಳು ಏರಿಸತೊಡಗಿದರು. ಆಗ ನಾನು ಟ್ಯಾಂಕರಿನ ಮೇಲಿಂದಲೇ ಕೂಗಿದೆ: “ಜಗಳಾ ಯಾಕ್ರಿ? ನನ್ನ ಹತ್ರ ವಿಡಿಯೋ ಐತಿ!”

ಸಾವಿರ ಮಂದಿ ತಿರುಗಿ ನನ್ನನ್ನು ನೋಡಿದರು. ನನ್ನ ಬಾಳಿನಲ್ಲಿ ಅಷ್ಟು ಜನ ಒಮ್ಮೆಗೇ ನನ್ನನ್ನು ನೋಡಿದ್ದು ಅದೊಂದೇ ಸಲ.

ಆದರೆ ಕಮಿಟಿಯ ಹಿರಿಯರು ಹೆದರಿದರು. “ವಿಡಿಯೋ ಈಗ ಬ್ಯಾಡಪಾ ಮುತ್ತಪ್ಪ. ಯಾರದರ ಸೋಲು ಕಂಡ್ರ ಇಲ್ಲೇ ತಲಿ ಒಡೀತಾವ. ಕಾಯ್ದಿಡು” ಎಂದರು. ಬಹುಮಾನವಿದ್ದದ್ದು ಒಂದು ಫ್ರಿಜ್ಜು. ಅದನ್ನು ಕಡಿದು ಹಂಚುವಂತಿರಲಿಲ್ಲ. ಹಾಗಾಗಿ ಆರು ತಿಂಗಳು ಸುರೇಬಾನದಲ್ಲಿ, ಆರು ತಿಂಗಳು ಸಂಪಗಾಂವದಲ್ಲಿ ಇರಲಿ ಎಂದು ತೀರ್ಪಾಯಿತು.

ಅಂದಿನಿಂದ ಆ ಫ್ರಿಜ್ಜಿಗೆ ಊರೂರು ಅಲೆದಾಟ ಶುರುವಾಯಿತು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಟ್ರಾಕ್ಟರಿನಲ್ಲಿ ಹಗ್ಗ ಕಟ್ಟಿಸಿಕೊಂಡು ಸವದತ್ತಿ ದಾಟಿ, ನಮ್ಮ ಮುನವಳ್ಳಿಯ ಮೇಲೆ ಹಾದು, ಬೈಲಹೊಂಗಲ ದಾಟಿ ಹೋಗುತ್ತದೆ, ಬರುತ್ತದೆ. ಹಾಯುವಾಗಲೆಲ್ಲ ಜನ ನನ್ನ ಸ್ಟುಡಿಯೋದ ಕಡೆ ಬೆರಳು ಮಾಡಿ, “ಅದರ ವಿಡಿಯೋ ಅಲ್ಲೈತಿ” ಎನ್ನುತ್ತಿದ್ದರು. ಚಹಾದ ಅಂಗಡಿಯಲ್ಲಿ ನನಗೆ ಕುರ್ಚಿ ಸಿಗತೊಡಗಿತು. “ಯಾರು ಗೆದ್ದಾರೋ ಹೇಳಪಾ” ಎಂದು ಯಾರಾದರೂ ಕೇಳಿದರೆ ನಾನು ಬಸವಣ್ಣನ ಗುಡಿಯ ಪೂಜಾರಿಯ ಹಾಗೆ ಕಣ್ಣು ಮುಚ್ಚಿ, “ಅದು ಹೇಳೂದಲ್ಲ” ಎನ್ನುತ್ತಿದ್ದೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಮರುದಿನವೇ ಲಗ್ನವಿದ್ದದ್ದರಿಂದ ಕ್ಯಾಮೆರಾದ ಕಾರ್ಡಿನಿಂದ ದೊಡ್ಡ ಹಾರ್ಡ್‌ಡಿಸ್ಕಿಗೆ ಹಾಕಿ, ಕಾರ್ಡು ಅಳಿಸಿಬಿಟ್ಟಿದ್ದೆ. ‘ಎರಡು ಕಾಪಿ ಇಟ್ಕೊರಿ, ಒಂದನ್ನ ನಂಬಬ್ಯಾಡ್ರಿ’ ಎಂದು ಪ್ರತಿ ಗಿರಾಕಿಗೂ ಬುದ್ಧಿ ಹೇಳುವವನು ನಾನು. ನನ್ನ ಹತ್ತಿರ ಒಂದೇ ಇತ್ತು.

ಈ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಬುಧವಾರ ಲಕ್ಕಪ್ಪಣ್ಣನ ಹೆಂಡತಿ ಮರೆವ್ವಕ್ಕನ ಫೋನು ಬಂತು. ಫ್ರಿಜ್ಜಿನ ದೆಸೆಯಿಂದ ಆಕೆಗೂ ಗಂಗಪ್ಪ ಕಾಕಾನ ಹೆಂಡತಿ ಶಟ್ಟೆವ್ವ ಕಾಕುಗೂ ಗೆಳೆತನ ಬೆಳೆದಿತ್ತು. ಗಂಡಸರು ಮಾತಾಡದಿದ್ದರೂ ಇವರು ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು.

“ಮುತ್ತಪ್ಪಣ್ಣಾ, ಐತವಾರ ನಾವೂ ಅವರೂ ಕೂಡಿ ನಿಮ್ಮ ಮನಿಗಿ ಬರ್ತೇವಿ. ಫ್ರಿಜ್ಜಿನ ಬಾಗಲಾ ನೆಗ್ಗಿ ಹೋತು, ಒಂದು ಕಾಲು ಮುರೀತು. ಹಿಂಗ ಹೇರಿ ಇಳಿಸಿ ಅದು ಸಾಯತೈತಿ. ಆ ವಿಡಿಯೋ ನೋಡಿ ಒಂದು ಸಲಾ ಮುಗಸೂನು.”

“ಬರ್ರಿ ಬರ್ರಿ, ಕಾಯ್ದಿಟ್ಟೇನಿ” ಎಂದು ನಾನು ಭಾರವಾದ ದನಿಯಲ್ಲಿ ಹೇಳಿದೆ.

ಫೋನಿಟ್ಟು, ಕಪಾಟಿನಿಂದ ಹಾರ್ಡ್‌ಡಿಸ್ಕು ಇಳಿಸಿ, ಧೂಳು ಊದಿ, ಕರೆಂಟಿಗೆ ಹಚ್ಚಿ ಕಂಪ್ಯೂಟರಿಗೆ ಜೋಡಿಸಿದೆ. ಇದು ಕಿಸೆಯಲ್ಲಿ ಇಡುವ ಸಣ್ಣದಲ್ಲ. ಇಟ್ಟಿಗೆಯಷ್ಟು ದಪ್ಪ, ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರಿನಿಂದ ಅದಕ್ಕೆ ಬೇರೆ ಕರೆಂಟು ಬೇಕು. ನೀಲಿ ದೀಪ ಹತ್ತಿತು. ಎಂದಿನಂತೆ ‘ಗುಂಯ್’ ಎಂದು ಒಳಗೆ ತಿರುಗಬೇಕಿತ್ತು. ‘ಟಿಕ್’ ಎಂದಿತು. ಮತ್ತೆ ಸುಮ್ಮನಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಅದರ ಹೆಸರೇ ಮೂಡಲಿಲ್ಲ.

ನನ್ನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮದ್ದು. ತೆಗೆದು ಹಚ್ಚುವುದು. ತೆಗೆದೆ, ಹಚ್ಚಿದೆ. ಟಿಕ್. ಕೇಬಲ್ಲು ಬದಲಿಸಿದೆ. ಟಿಕ್. ಕಂಪ್ಯೂಟರಿನ ಮುಂದಿನ ತೂತು ಬಿಟ್ಟು ಹಿಂದಿನ ತೂತಿಗೆ ಹಾಕಿದೆ, ಲ್ಯಾಪ್‌ಟಾಪಿಗೆ ಹಾಕಿದೆ, ಪ್ಲಗ್ಗು ಬಿಟ್ಟು ಬೇರೆ ಪ್ಲಗ್ಗಿಗೆ ಹಾಕಿದೆ. ಡಿಸ್ಕನ್ನು ಎತ್ತಿ ಕಿವಿಗೆ ಒತ್ತಿಕೊಂಡು ಕುಳಿತೆ. ಒಲೆಯ ಮುಂದಿದ್ದ ರೇಣು ಇಣುಕಿದಳು.

“ಯಾರದರೀ ಫೋನು?”

“ಫೋನಲ್ಲ. ಒಳಗ ಉಸಿರು ಐತೇನ ನೋಡಾಕತ್ತೇನಿ.”

“ಮದಲ ನಿಮ್ಮದ ನೋಡ್ಕೋರಿ. ಮಾರಿ ಬೆಳ್ಳಗಾಗೇತಿ.”

ಆ ಮೇಲೆ ನಾನು ಮೊಬೈಲಿನಲ್ಲಿ ಉಪಾಯ ಹುಡುಕತೊಡಗಿದೆ. ಒಬ್ಬನು, ಹಿಂದಿ ಆಡುವವನು, ತಿರುಗದ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ರಾತ್ರಿ ಇಡಿರಿ ಎಂದು ನಂಬುವ ಹಾಗೆ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ. ಕೆಳಗಿನ ಔಷಧದ ಅಂಗಡಿಯಲ್ಲಿದೆ. ಡಿಸ್ಕನ್ನು ಹಾಲಿನ ಚೀಲದಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ರೇಣು ಹಿಂದಿನಿಂದ ಅಂಗಿ ಹಿಡಿದಳು.

“ಅದೇನ ಮೊಸರೇನ್ರೀ? ನೀರಿಳದು ಇದ್ದದ್ದೂ ಹೋಗತೈತಿ. ಮ್ಯಾಲೆ ನಡೀರಿ.”

ಮೇಲೆ ಬಂದೆ. ಸ್ಕ್ರೂಡ್ರೈವರ್ ಹುಡುಕಿದೆ. ಅದು ಇರುವ ಜಾಗದಲ್ಲಿ ಇರಲಿಲ್ಲ. ಅದನ್ನು ಅವಳು ಮೊದಲೇ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅದು ಸಿಕ್ಕಿದ್ದರೆ ನಾನು ಡಿಸ್ಕಿನ ಮುಚ್ಚಳ ಬಿಚ್ಚಿ, ಬೆರಳಿನಿಂದಲೇ ತಿರುಗಿಸಿ ನೋಡುತ್ತಿದ್ದೆ. ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಲಗ್ನದ ಸಾಮಾನು ಹೊರುವ ನನ್ನ ವ್ಯಾನು ಗ್ಯಾರೇಜಿನಲ್ಲಿದ್ದದ್ದರಿಂದ ಶುಕ್ರವಾರ ಬಸ್ಸಿನಲ್ಲೇ ಬೈಲಹೊಂಗಲಕ್ಕೆ ಒಯ್ದೆ. ಕಂಪ್ಯೂಟರ್ ರಿಪೇರಿಯವನು ಡಿಸ್ಕನ್ನೂ ನಾನು ಒಯ್ದಿದ್ದ ವೈರುಗಳನ್ನೂ ಜೋಡಿಸಿ, ಆ ಟಿಕ್ ಕೇಳಿ, ತಲೆಯಾಡಿಸಿದ. “ಒಳಗಿನ ಮೋಟರ್ ಹೋಗಿರಬೇಕ್ರಿ. ಬೆಳಗಾವಿಗಿ ಕಳಸಬೇಕು. ಅವರು ಎಲ್ಲಿಗಿ ಕಳಸ್ತಾರೋ ಗೊತ್ತಿಲ್ಲ. ಬಂದ್ರ ಬಂತು.” ಬಸ್ಸಿನಲ್ಲಿ ವಾಪಸು ಬರುವಾಗ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮುದುಕ, “ಪೇಡೇನೋ ತಮ್ಮಾ?” ಎಂದು ಕೇಳಿದ. ಹೌದೆಂದೆ. ಆತ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದ.

ನಿಜ ಹೇಳಿಬಿಡ್ರಿ ಎಂದಳು ರೇಣು. ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮೂರು ವರ್ಷ ಕುಳಿತ ಕುರ್ಚಿಯಿಂದ ಏಳುವುದು ಸುಲಭವಲ್ಲ. ಐತವಾರದೊಳಗೆ ಡಿಸ್ಕಿಗೆ ತಾನಾಗಿಯೇ ಬುದ್ಧಿ ಬರಬಹುದು ಎಂದುಕೊಂಡು ಅದನ್ನು ದೇವರ ಜಗುಲಿಯ ಮೇಲಿಟ್ಟೆ. ರೇಣು ಮರುದಿನ ಅದಕ್ಕೂ ಒಂದು ಹೂ ಏರಿಸಿದಳು. ಭಕ್ತಿಗೋ ಚೇಷ್ಟೆಗೋ ತಿಳಿಯಲಿಲ್ಲ.

ಐತವಾರ ಹೊತ್ತೇರುವ ಮೊದಲೇ ನಾಲ್ಕೂ ಜನ ಬಂದರು. ಗಂಗಪ್ಪ ಕಾಕಾ ಹೊಸ ರುಮಾಲು ಸುತ್ತಿದ್ದರು. ಲಕ್ಕಪ್ಪಣ್ಣ ಬಾಗಿಲ ಹತ್ತಿರ, ಗೋಡೆಗೆ ಒರಗಿ ಕುಳಿತ. ಹೆಂಗಸರು ಒಳಗೆ ಹೋದರು.

ನಾನು ಹೊತ್ತು ಕಳೆಯತೊಡಗಿದೆ. ಮೊದಲು ಅವಲಕ್ಕಿ. ಆ ಮೇಲೆ ಚಹಾ. ಆ ಮೇಲೆ ಮಳೆ, ಗೋವಿನಜೋಳದ ಧಾರಣೆ. ಆ ಮೇಲೆ ಮತ್ತೊಂದು ಚಹಾ.

“ಚಾ ಸಾಕಪಾ” ಎಂದರು ಗಂಗಪ್ಪ ಕಾಕಾ. “ಹಚ್ಚು ಆ ವಿಡಿಯೋ. ಇಂವಾ ಸೋತದ್ದು ಇಂವನ ಕಣ್ಣೀಲೇ ನೋಡ್ಲಿ.”

“ನೋಡೂನು, ಯಾರು ಸೋತಾರಂತ” ಎಂದ ಲಕ್ಕಪ್ಪಣ್ಣ, ಕುಳಿತಲ್ಲಿಂದಲೇ.

“ಹಚ್ಚತೇನ್ರಿ ಕಾಕಾ. ಅದಕ್ಕಿಂತ ಮದಲ, ಹೋದ ತಿಂಗಳ ಮಹಾರಾಷ್ಟ್ರದಾಗ ಒಂದು ಶರ್ಯತ್ತು ಆಗೇತಿ, ಅದನ್ನ ಟಿವಿಯಾಗ ತೋರಸ್ತೇನಿ ತಡೀರಿ. ಏನ್ ಎತ್ತರಿ ಅವು!”

ಟಿವಿ ಹಚ್ಚಿದೆ. ಒಂದು ಚಕ್ರ ಪರದೆಯ ನಡುವೆ ಸುತ್ತುತ್ತ ನಿಂತಿತು. ಆ ಮನೆಯಲ್ಲಿ ತಿರುಗುತ್ತಿದ್ದದ್ದು ಅದೊಂದೇ. ವೈಫೈ ಹೋಗಿತ್ತು. ನನಗಾದರೋ ಖುಷಿಯೇ ಆಯಿತು. ರಿಪೇರಿಯ ನೆವದಲ್ಲಿ ಇನ್ನಷ್ಟು ಹೊತ್ತು ಕಳೆಯಬಹುದಲ್ಲ! ಎದ್ದು ಮೂಲೆಗೆ ಹೋಗಿ, ನನ್ನ ಒಂದೇ ಮದ್ದನ್ನು ಮಾಡಲು ವೈಫೈ ಡಬ್ಬಿಯ ಅಡಾಪ್ಟರನ್ನು ಗೋಡೆಯಿಂದ ಕಿತ್ತೆ.

ಕೈಗೆ ಅದು ಭಾರ ಅನ್ನಿಸಿತು. ಇಷ್ಟು ಸಣ್ಣ ಡಬ್ಬಿಗೆ ಇಷ್ಟು ದಪ್ಪದ ಅಡಾಪ್ಟರೇ? ತಿರುಗಿಸಿ ನೋಡಿದೆ. ಅದರ ಮೇಲಿದ್ದದ್ದು ನನ್ನ ಹಾರ್ಡ್‌ಡಿಸ್ಕಿನ ಕಂಪನಿಯ ಗುರುತು. ಹನ್ನೆರಡು ವೋಲ್ಟು, ಎರಡು ಆಂಪಿಯರ್. ಜಗುಲಿಯ ಪಕ್ಕ ಹೋಗಿ, ಡಿಸ್ಕಿಗೆ ಇಷ್ಟು ದಿನ ಹಚ್ಚುತ್ತಿದ್ದ ಅಡಾಪ್ಟರು ನೋಡಿದೆ. ಹನ್ನೆರಡು ವೋಲ್ಟು, ಅರ್ಧ ಆಂಪಿಯರ್. ದೀಪ ಹತ್ತುವಷ್ಟು ಕರೆಂಟು ಸಿಗುತ್ತಿತ್ತು, ಡಿಸ್ಕು ತಿರುಗುವಷ್ಟು ಸಿಗುತ್ತಿರಲಿಲ್ಲ. ಎರಡರ ಬಣ್ಣ ಒಂದೇ, ಪಿನ್ನೂ ಒಂದೇ.

ನಾಗರಪಂಚಮಿಗೆ ಮನೆಗೆ ಬಣ್ಣ ಹಚ್ಚುವಾಗ ವೈರುಗಳನ್ನೆಲ್ಲ ಬಿಚ್ಚಿದವನು ನಾನು. “ಒಂದೊಂದಕ್ಕ ಚೀಟಿ ಕಟ್ರಿ” ಎಂದು ರೇಣು ಹೇಳಿದ್ದಳು. “ಇಪ್ಪತ್ತು ವರ್ಷದ ಸರ್ವಿಸ್ ನಂದು, ನನಗ ಚೀಟಿ ಬೇಕೇನು?” ಎಂದವನೂ ನಾನೇ.

ಸರಿಯಾದ ಅಡಾಪ್ಟರನ್ನು ಡಿಸ್ಕಿಗೆ ಹಚ್ಚಿದೆ. ಗುಂಯ್ ಎಂದಿತು. ಒಳಗಿನಿಂದ ರೇಣು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ನೋಡಿದಳು. ನನ್ನ ಕೈಯಲ್ಲಿದ್ದ ಇನ್ನೊಂದು ಅಡಾಪ್ಟರನ್ನೂ ನೋಡಿದಳು. ಮಂದಿಯ ಮುಂದೆ ಏನೂ ಅನ್ನಲಿಲ್ಲ. ಅದು ದೊಡ್ಡ ಉಪಕಾರ.

“ಬರ್ರಿ ಎಲ್ಲಾರೂ!” ಎಂದು ಕೂಗಿದೆ. ಟ್ಯಾಂಕರಿನ ಮೇಲೆ ನಿಂತಾಗಿನ ದನಿ ನನಗೆ ಮರಳಿ ಬಂದಿತ್ತು. ಹೆಂಗಸರೂ ಬಂದು ಕುಳಿತರು. ಹೊಸ ಬ್ಯಾಟರಿ ಹಾಕಿದ ರಿಮೋಟಿನಂತೆ ನಾನು ಚುರುಕಾಗಿದ್ದೆ. ಮೊದಲು ಒಬ್ಬನೇ ಒಮ್ಮೆ ನೋಡಿಕೊಳ್ಳಬೇಕು ಎಂಬುದು ಆ ಉಮೇದಿನಲ್ಲಿ ಹೊಳೆಯಲೇ ಇಲ್ಲ.

ಡಿಸ್ಕನ್ನು ಟಿವಿಗೆ ಜೋಡಿಸಿದೆ, ವಿಡಿಯೋ ಶುರುವಾಯಿತು. ದೂರದಲ್ಲಿ ಎರಡು ಗಾಡಿ ಬಿಟ್ಟವು. ಚಿತ್ರ ಸ್ವಚ್ಛವಾಗಿತ್ತು, ಸ್ಥಿರವಾಗಿತ್ತು. ಹರಣ್ಯಾ ಕತ್ತು ಚಾಚಿ, ಕಿವಿ ಹಿಂದಕ್ಕೆ ಒತ್ತಿ, ನೆಲ ಮುಟ್ಟಿಯೂ ಮುಟ್ಟದ ಹಾಗೆ ಬರುತ್ತಿತ್ತು. ಪಕ್ಕದಲ್ಲಿ ಗಂಗಪ್ಪ ಕಾಕಾನ ಜೋಡಿ, ಗುಡ್ಡದ ಮೇಲಿಂದ ಕಲ್ಲು ಉರುಳಿದ ಹಾಗೆ. ಅರ್ಧ ದಾರಿಯಲ್ಲಿ ಕಾಕಾನ ಗಾಡಿ ಮುಂದೆ. ಆ ಮೇಲೆ ಹರಣ್ಯಾ ಮುಂದೆ. ಮತ್ತೆ ಸರಿಸಮ. ಗೆರೆಯ ಸುಣ್ಣ ಕಾಣಿಸಿತು. ಇನ್ನು ನಾಲ್ಕು ಮಾರು, ಮೂರು ಮಾರು—

ಪರದೆಯ ಮೇಲೆ ಆಕಾಶ ಬಂತು.

ನೀಲಿ ಆಕಾಶ. ಒಂದು ಬಿಳಿ ಮೋಡ. ಹಿನ್ನೆಲೆಯಲ್ಲಿ ನನ್ನದೇ ದನಿ: “ಹೋತೋ ಹೋತೋ ಹೋತೋ! ಏಯ್ ಹೊಡಿಯೋ! ಹುರ್ರ್!” ಆ ಮೇಲೆ ಟ್ಯಾಂಕರಿನ ಮುಚ್ಚಳ, ನನ್ನ ಎಡಗಾಲಿನ ಚಪ್ಪಲಿ, ಮತ್ತೆ ಆಕಾಶ. ನಾನು ಕುಣಿಯುತ್ತಿದ್ದೆ. ಕ್ಯಾಮೆರಾ ನೆಲದ ಕಡೆ ಮರಳುವ ಹೊತ್ತಿಗೆ ಎರಡೂ ಗಾಡಿ ಗೆರೆಯಿಂದ ಬಹಳ ಆಚೆ, ಧೂಳಿನೊಳಗೆ ಇದ್ದವು. ಕೊನೆಗೆ “ಜಗಳಾ ಯಾಕ್ರಿ? ನನ್ನ ಹತ್ರ ವಿಡಿಯೋ ಐತಿ!” ಎಂಬ ಮಾತೂ ಸ್ಪಷ್ಟವಾಗಿ ಕೇಳಿ, ವಿಡಿಯೋ ನಿಂತಿತು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು.

“ಮುಗಲ ತೋರಿಸಿದ್ಯಲ್ಲೋ” ಎಂದರು ಗಂಗಪ್ಪ ಕಾಕಾ. ಸಿಟ್ಟು ಬರುವುದಕ್ಕೂ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಮೂರ ವರ್ಷ! ಮೂರ ವರ್ಷ ಊರ ತುಂಬ ಗೆದ್ದೇನಿ, ಮುತ್ತಪ್ಪನ ಹತ್ರ ಸಾಕ್ಷಿ ಐತಿ ಅಂತ ಹೇಳ್ಕೋತ ಅಡ್ಡಾಡೇನಲ್ಲೋ!”

“ನಾನೂ ಹಂಗ ಹೇಳೇನಿ” ಎಂದ ಲಕ್ಕಪ್ಪಣ್ಣ.

ರೇಣು ಸಮಾಧಾನದಿಂದ ಹೇಳಿದಳು: “ಕಾಕಾ, ಅದಕ್ಕ ನಾ ಪ್ರತಿ ಲಗ್ನದಾಗ ಅಕ್ಕಿಕಾಳ ಬೀಳೂ ಮುಂದ ಇವರ ಕೈಯಾನ ಕ್ಯಾಮೆರಾ ಕಸ್ಕೋತೇನಿ. ಇವರಿಗಿ ಖುಷಿ ತಡ್ಯಾಕ ಆಗಂಗಿಲ್ಲ. ನಮ್ಮ ಮದಲನೇ ಲಗ್ನದ ಆರ್ಡರಿನ್ಯಾಗ ತಾಳಿ ಕಟ್ಟೂ ಹೊತ್ತಿಗಿ ಬರೇ ಪೆಂಡಾಲ ಬಂದಿತ್ತು.”

ಇಷ್ಟು ವರ್ಷ ನಾನು ಯಾಕೆ ಲೈಟು ಹಿಡಿಯುತ್ತಿದ್ದೇನೆ ಎಂಬುದು ಆಗ ತಿಳಿಯಿತು. ಶಟ್ಟೆವ್ವ ಕಾಕು ಸೆರಗು ಬಾಯಿಗೆ ಅಡ್ಡ ಹಿಡಿದರು, ಮರೆವ್ವಕ್ಕ ಹಿಡಿಯದೆಯೇ ನಕ್ಕಳು. ನಗು ಮೆಲ್ಲಗೆ ಗಂಗಪ್ಪ ಕಾಕಾನ ಮೀಸೆಯವರೆಗೂ ಬಂತು. ನಾನೂ ನಕ್ಕೆ. ನನಗೆ ಬೇರೆ ದಾರಿ ಇರಲಿಲ್ಲ.

ಲಕ್ಕಪ್ಪಣ್ಣ ಮಾತ್ರ ನಗಲಿಲ್ಲ. ಗೋಡೆ ಬಿಟ್ಟು ಟಿವಿಯ ಹತ್ತಿರ ಸರಿದು ಕುಳಿತ.

“ಮುತ್ತಪ್ಪಾ, ಮತ್ತೊಮ್ಮಿ ಮದಲಿಂದ ಹಚ್ಚಪಾ.”

“ಕಡೀಗೆ ಮುಗಲ ಐತ್ರಿ ಅಣ್ಣಾ…”

“ಇರಲಿ. ಅಲ್ಲೀತನಾ ಹಚ್ಚು.”

ಹಚ್ಚಿದೆ. ಆಗ ಮರೆವ್ವಕ್ಕ ಮೆಲ್ಲಗೆ ಹೇಳಿದಳು. ಶರ್ಯತ್ತಾದ ಆ ಮಳೆಗಾಲದಲ್ಲೇ ಗಂಟುರೋಗ ಬಂದು ಹರಣ್ಯಾ ಸತ್ತಿತ್ತು. ಮೈತುಂಬ ಗುಲಾಲು ಬಳಿದು ನಿಲ್ಲಿಸಿದ ಒಂದು ಫೋಟೋ ಬಿಟ್ಟರೆ ಮನೆಯಲ್ಲಿ ಅದರ ಗುರುತು ಇರಲಿಲ್ಲ. “ನಿಂತದ್ದು ಐತಿ, ಓಡಿದ್ದಿಲ್ಲ. ಫ್ರಿಜ್ಜಿನ ಸಲುವಾಗಿ ಅಲ್ಲ, ಇವರು ಬಂದದ್ದು ಇದಕ್ಕ.”

ಲಕ್ಕಪ್ಪಣ್ಣ ಮೂರನೆಯ ಸಲ ಹಚ್ಚಿಸಿದ. ನಾಲ್ಕನೆಯ ಸಲಕ್ಕೆ ಗಂಗಪ್ಪ ಕಾಕಾನೂ ಆತನ ಪಕ್ಕಕ್ಕೆ ಸರಿದು ಕುಳಿತರು. “ಅಲ್ಲಿ ನಿಂದರಸು” ಎಂದರು. ನಿಲ್ಲಿಸಿದೆ. ಹರಣ್ಯಾನ ನಾಲ್ಕೂ ಗೊರಸು ನೆಲದಿಂದ ಮೇಲಿದ್ದವು. ಕಾಕಾ ಪರದೆಯ ಹತ್ತಿರ ಬಾಗಿದರು.

“ನೀ ಗೆದ್ದೀ ಅಂತ ನಾ ಅನ್ನಂಗಿಲ್ಲ ಲಕ್ಕಪ್ಪಾ” ಎಂದರು. “ಆದ್ರ ಎಂಥಾ ಎತ್ತಿತ್ತೋ ಮಾರಾಯಾ.”

“ನಿಮ್ಮ ಬಲಗಡೀದೂ ಏನ್ ಕಮ್ಮಿ ಇಲ್ರಿ” ಎಂದ ಲಕ್ಕಪ್ಪಣ್ಣ. ಮೂರು ವರ್ಷದಲ್ಲಿ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ನೆಟ್ಟಗಿನ ಮಾತು ಅದು. ಆ ಮೇಲೆ ಎತ್ತಿಗೆ ಹುರುಳಿ ಎಷ್ಟು ಇಡಬೇಕು ಎಂಬುದರ ಮೇಲೆ ಮತ್ತೆ ಜಗಳ ಹತ್ತಿತು, ಆದರೆ ಅದು ಉಣ್ಣುತ್ತ ಆಡುವ ಜಗಳ.

ಎರಡೂ ಮನೆಯವರ ಮೊಬೈಲಿಗೆ ವಿಡಿಯೋ ಹಾಕಿಕೊಟ್ಟೆ. ಆಕಾಶ ಕತ್ತರಿಸಿ ಕೊಡುತ್ತೇನೆ ಎಂದೆ. ಲಕ್ಕಪ್ಪಣ್ಣ ಬೇಡವೆಂದ, ನಾನು ಕೂಗುವುದು ಚೆನ್ನಾಗಿದೆಯಂತೆ.

ಇನ್ನು ಫ್ರಿಜ್ಜಿನ ಪ್ರಶ್ನೆ. ಹೊರಡುವ ಮುನ್ನ ಶಟ್ಟೆವ್ವ ಕಾಕು ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು. “ಆರಾರ ತಿಂಗಳ ಹಂಗ ನಡೀಲಿ. ಅದು ಬಂದ್ರನ ನಾವೂ ಇವರೂ ಕೂಡೂದು. ಆದ್ರ ಟ್ರಾಕ್ಟರಿನ್ಯಾಗ ಕುಣಿಸಿ ಕುಣಿಸಿ ಅದರ ಎಲಬು ಮುರದಾವ. ಇನ್ನ ಮ್ಯಾಲೆ ಮುತ್ತಪ್ಪ ತನ್ನ ವ್ಯಾನಿನ್ಯಾಗ ಒಯ್ಯಲಿ. ಮುಗಲ ತೋರಿಸಿದ ತಪ್ಪಿಗಿ.”

“ಬರೋಬ್ಬರಿ!” ಎಂದರು ಉಳಿದ ನಾಲ್ವರೂ. ನಾಲ್ವರಲ್ಲಿ ರೇಣುವೂ ಒಬ್ಬಳು.

ಹೀಗಾಗಿ ಈ ದೀಪಾವಳಿಗೆ ಸುರೇಬಾನದಿಂದ ಸಂಪಗಾಂವದವರೆಗೆ ಫ್ರಿಜ್ಜು ಸಾಗಿಸಿದವನು ನಾನು. ವ್ಯಾನಿನ ಹಿಂದಿನ ಸೀಟು ಬಿಚ್ಚಿ, ಗಾದಿ ಹಾಸಿ, ತಗ್ಗು ಕಂಡಲ್ಲೆಲ್ಲ ಇಳಿದು ನೋಡಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಒಯ್ದೆ. ಸಂಪಗಾಂವದಲ್ಲಿ ಇಳಿಸಿ ಮಜ್ಜಿಗೆ ಕುಡಿಯುತ್ತಿದ್ದಾಗ ಲಕ್ಕಪ್ಪಣ್ಣ ದನದ ಕೊಟ್ಟಿಗೆಗೆ ಕರೆದ. ಹೊಸದಾಗಿ ತಂದ ಹೋರಿಗರು, ಬೂದು ಬಣ್ಣದ್ದು, ಕಂಬಕ್ಕೆ ಕಟ್ಟಿತ್ತು.

“ಇದರದೊಂದು ವಿಡಿಯೋ ತಗೀ” ಎಂದ. “ಇನ್ನೂ ಓಡಾಕ ಕಲಿಸಿಲ್ಲ. ಸುಮ್ನ ನಿಂದರ್ತೈತಿ.”

ಕ್ಯಾಮೆರಾ ತಂದೆ. ಕರು ಹುಲ್ಲು ಮೆಲ್ಲುತ್ತ ನನ್ನನ್ನು ನೋಡಿತು, ಕದಲಲಿಲ್ಲ. ಪೂರ್ತಿ ಐದು ನಿಮಿಷ ತೆಗೆದೆ. ಮೊದಲಿನಿಂದ ಕಡೆಯವರೆಗೂ ಚೌಕಟ್ಟಿನೊಳಗೆ ಕರುವೇ ಇತ್ತು. ರೇಣುಗೆ ತೋರಿಸಲು ಅದನ್ನು ಅಂದೇ ಎರಡು ಕಡೆ ಕಾಪಿ ಮಾಡಿದೆ.